ಹಂಡೆ ಹೊಟ್ಟೆ, ಮೂಡೆ ಹೊಟ್ಟೆ

ಪರ್ತ್ ನಗರದ ಉತ್ತರಕ್ಕೆ ಪಿನರೂ ವ್ಯಾಲಿ ಎಂಬ ಸ್ಮಶಾನವಿದೆ. ಸ್ಮಶಾನ ಎಂದಾಗ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಅಲ್ಲಿಲ್ಲ. ನೆಲಕ್ಕೆ ಸಮನಾಗಿ ಕೂರಿಸಿದ ಹೆಸರಿನ ಫಲಕಗಳು, ಸುತ್ತ ಹಸಿರು ಹುಲ್ಲು, ನಡುನಡುವೆ ಆ ನೆಲದ್ದೇ ಕಾಡುಮರಗಳು. ಆ ಹುಲ್ಲಿನಲ್ಲಿ ಬೂದುಬಣ್ಣದ ಕಾಂಗರೂಗಳ ಹಿಂಡು ಮೇಯುತ್ತಿತ್ತು. ಮೇದು ಸಾಕಾದ ಒಂದು ತಾಯಿ ಮರದ ಬುಡದಲ್ಲಿ ಒರಗಿ ಮಲಗಿತು. ನಾನು ಅದರ ದವಡೆಯನ್ನೇ ನೋಡುತ್ತ ನಿಂತೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ. ದವಡೆ ಅಲುಗಲಿಲ್ಲ.

ಹಟ್ಟಿಯಿದ್ದ ಮನೆಯಲ್ಲಿ ಬೆಳೆದವರಿಗೆ ಇದು ವಿಚಿತ್ರ. ಹುಲ್ಲು ತಿಂದ ಪ್ರಾಣಿ ಮಲಗಿತೆಂದರೆ ಮೆಲುಕು ಹಾಕಲೇಬೇಕು. ಕುಲಶೇಖರದ ನಮ್ಮ ಮನೆಯಲ್ಲಿ ಅಮ್ಮ ರಾತ್ರಿ ಮಲಗುವ ಮುಂಚೆ ಲಾಟೀನು ಹಿಡಿದು ಹಟ್ಟಿಗೆ ಹೋಗುತ್ತಿದ್ದುದು ಇದೊಂದನ್ನೇ ನೋಡುವುದಕ್ಕೆ. ದನ ಮೆಲುಕು ಹಾಕುತ್ತಿದೆ ಎಂದರೆ ಸೌಖ್ಯವಾಗಿದೆ. ಮೆಲುಕು ನಿಂತಿದೆ ಎಂದರೆ ಬೆಳಗಾಗುವುದರೊಳಗೆ ಡಾಕ್ಟರನ್ನು ಕರೆಸಬೇಕು. ಈಗ ಕಡಲಾಚೆಯ ಊರಿನಲ್ಲಿ, ಹುಲ್ಲನ್ನೇ ತಿಂದು ಬದುಕುವ ಪ್ರಾಣಿಯೊಂದು ಬಾಯಿ ಮುಚ್ಚಿ ನೆಮ್ಮದಿಯಾಗಿ ಮಲಗಿತ್ತು.

"ದೊಡ್ಡಮ್ಮ, ನೀವು ಎಷ್ಟು ಹೊತ್ತು ನಿಂತರೂ ಅದು ಮೆಲುಕು ಹಾಕುದಿಲ್ಲ. ಅದರ ಹೊಟ್ಟೆಯೇ ಬೇರೆ ಉಂಟು" ಎಂದಳು ಜೊತೆಗಿದ್ದ ತಂಗಿಯ ಮಗಳು. ಅವಳು ಪರ್ತ್‌ನಲ್ಲಿ ಪಶುವೈದ್ಯೆ. ಅವಳ ಕರೆಗೆ ಓಗೊಟ್ಟು ನಾನು ಆಟಿ ತಿಂಗಳ ಮಳೆಯಲ್ಲಿ ಬಜಪೆಯಿಂದ ವಿಮಾನ ಹತ್ತಿ, ಬೆಂಗಳೂರು, ಸಿಂಗಾಪುರ ದಾಟಿ ಅಲ್ಲಿಗೆ ಹೋದದ್ದು. ಅಲ್ಲಿ ಆಗ ಚಳಿಗಾಲ, ಮಳೆ ಬೀಳುವ ಕಾಲ. ನಮ್ಮ ತಣ್ಣೀರುಬಾವಿಯಲ್ಲಿ ಇಳಿಯುವ ಹಾಗೆಯೇ ಅಲ್ಲಿಯೂ ಸೂರ್ಯ ಸಮುದ್ರಕ್ಕೇ ಇಳಿಯುತ್ತಾನೆ. ಪರ್ತ್ ಇರುವುದು ಹಿಂದೂ ಮಹಾಸಾಗರದ ಆಚೆ ದಂಡೆಯಲ್ಲಿ. ಆ ಒಂದು ಹೋಲಿಕೆ ನನಗೆ ಪರವೂರಿನ ಅಳುಕನ್ನು ಮೊದಲ ಸಂಜೆಯೇ ಕಳೆಯಿತು.

ಅವಳು ಹೇಳಿದ ಬೇರೆ ಹೊಟ್ಟೆ ಯಾವುದೆಂದು ನನಗೆ ಅರ್ಥವಾದದ್ದು ಮನೆಗೆ ಬಂದ ಮೇಲೆ, ಅಡುಗೆಮನೆಯಲ್ಲಿ. ನನಗಾಗಿ, ಎಲೆಯ ಕೊಳವೆಯಲ್ಲಿ ಬೇಯಿಸುವ ಮೂಡೆ ಮಾಡುತ್ತೇನೆಂದು ಅವಳು ಹಿಂದಿನ ದಿನವೇ ಉದ್ದು, ಅಕ್ಕಿ ರುಬ್ಬಿಟ್ಟಿದ್ದಳು. ಮುಂಡೋವಿನ ಎಲೆ ಅಲ್ಲಿ ಎಲ್ಲಿ ಸಿಗಬೇಕು? ಉದ್ದದ ಸ್ಟೀಲು ಲೋಟಗಳಲ್ಲಿ ಹಿಟ್ಟು ಹೊಯ್ದು ಬೇಯಿಸಿದಳು. ಚಳಿಗೆ ಹಿಟ್ಟು ಸರಿಯಾಗಿ ಹುಳಿ ಬರುವುದಿಲ್ಲವೆಂದು ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಇಟ್ಟಿದ್ದಳಂತೆ. "ಇದೇ ನೋಡಿ ದೊಡ್ಡಮ್ಮ, ಕಾಂಗರೂವಿನ ಹೊಟ್ಟೆಯೊಳಗಿನ ಕೆಲಸ" ಎಂದು ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಗುಳ್ಳೆಗಳನ್ನು ತೋರಿಸಿದಳು.

ಹುಲ್ಲಿನ ನಾರನ್ನು ಅರಗಿಸುವ ರಸ ದನದ ಮೈಯಲ್ಲಿಲ್ಲ, ಕುದುರೆಯ ಮೈಯಲ್ಲಿಲ್ಲ, ಕಾಂಗರೂವಿನ ಮೈಯಲ್ಲಿಯೂ ಇಲ್ಲ. ಸೆಲ್ಯುಲೋಸ್ ಎಂಬ ಆ ಗಟ್ಟಿ ನಾರನ್ನು ಬಿಡಿಸುವುದು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳ ಕೆಲಸ. ಆದ್ದರಿಂದ ಹುಲ್ಲು ತಿನ್ನುವ ಪ್ರಾಣಿ ತನ್ನೊಳಗೆ ಎಲ್ಲಾದರೂ ಒಂದು ಕಡೆ ಅವಕ್ಕೆ ಮನೆ ಕಟ್ಟಿಕೊಡಬೇಕು. ಬೆಚ್ಚಗೆ, ತೇವವಾಗಿ, ಗಾಳಿಯಾಡದಂತೆ, ಹುಳಿ ಅತಿಯಾಗದಂತೆ ಇಡಬೇಕು. ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸಿ ಕೊಡುವ ಆಮ್ಲಗಳಿಂದ ಪ್ರಾಣಿಗೆ ಶಕ್ತಿ; ಆಮೇಲೆ ಆ ಸೂಕ್ಷ್ಮಜೀವಿಗಳನ್ನೇ ಅರಗಿಸಿಕೊಂಡರೆ ಪ್ರೋಟೀನು. ಹಾಗೆ ನೋಡಿದರೆ ದನ ಬದುಕುವುದು ಹುಲ್ಲಿನಿಂದ ಅಲ್ಲ, ಹುಲ್ಲಿನ ಮೇಲೆ ತಾನು ಬೆಳೆಸಿದ ಬೆಳೆಯಿಂದ. ಪ್ರಶ್ನೆ ಉಳಿಯುವುದು ಒಂದೇ: ಹಿಟ್ಟು ಹುಳಿ ಬರಿಸಲು ಯಾವ ಆಕಾರದ ಪಾತ್ರೆ?

ದನದ್ದು ಹಂಡೆ. ಬೋಟಿ ತೊಳೆದವರಿಗೆ ಅದರ ನಾಲ್ಕು ಭಾಗಗಳ ಪರಿಚಯ ಇರುತ್ತದೆ: ಟವೆಲಿನಂತೆ ಒರಟಾಗಿರುವ ದೊಡ್ಡ ಚೀಲ, ಜೇನುಗೂಡಿನಂಥ ಎರಡನೆಯದು, ಪುಸ್ತಕದ ಹಾಳೆಗಳಂತೆ ಪದರಪದರವಾದ ಮೂರನೆಯದು, ಕೊನೆಗೆ ನಮ್ಮ ಹೊಟ್ಟೆಯಂತೆಯೇ ಹುಳಿರಸ ಸುರಿಸುವ ನಾಲ್ಕನೆಯದು. ದೊಡ್ಡ ಮಿಶ್ರತಳಿ ಹಸುವಿನ ಮೊದಲ ಚೀಲದಲ್ಲಿ 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅದರ ಗೋಡೆ ನಿಮಿಷಕ್ಕೆ ಒಂದೆರಡು ಸಲ ಹಿಂಡಿ, ಕಲಕಿ, ಹಳೆಯದನ್ನೂ ಹೊಸದನ್ನೂ ಬೆರೆಸುತ್ತಲೇ ಇರುತ್ತದೆ. ಎರಡನೆಯ ಹೊಟ್ಟೆಯಿಂದ ಮೂರನೆಯದಕ್ಕೆ ಹೋಗುವ ದಾರಿಯಲ್ಲಿ ಇಕ್ಕಟ್ಟಾದ ಒಂದು ಬಾಗಿಲಿದೆ. ನುಣ್ಣಗಾದದ್ದು ಮಾತ್ರ ಆ ಬಾಗಿಲು ದಾಟುತ್ತದೆ. ಒರಟು ಉಳಿದದ್ದು ಹಂಡೆಯಲ್ಲೇ ಕೂತು, ಮತ್ತೆ ಬಾಯಿಗೆ ಬಂದು, ಅರೆದುಕೊಂಡು ಹೋಗಬೇಕು. ಅದೇ ಮೆಲುಕು. ಈ ಬಾಗಿಲನ್ನು ಓದುಗರು ನೆನಪಿನಲ್ಲಿಡಬೇಕು. ಕೊನೆಯಲ್ಲಿ ಅದರ ಹತ್ತಿರವೇ ಬರುತ್ತೇನೆ.

ಕಾಂಗರೂವಿನದು ಮೂಡೆ. ಅನ್ನನಾಳ ಹೋಗಿ ಸೇರುವಲ್ಲಿ ಒಂದು ಕಡೆಗೆ ಕುರುಡು ಚೀಲ, ಇನ್ನೊಂದು ಕಡೆಗೆ ಉದ್ದಕ್ಕೆ ಬಾಗಿ ಸಾಗುವ ದಪ್ಪ ಕೊಳವೆ, ಕೊಳವೆಯ ತುದಿಯಲ್ಲಿ ಹುಳಿರಸದ ಚಿಕ್ಕ ಭಾಗ. ಕೊಳವೆಯ ಉದ್ದಕ್ಕೂ ಸ್ನಾಯುವಿನ ಪಟ್ಟಿಗಳು ಓಡುತ್ತವೆ. ಲಂಗಕ್ಕೆ ಲಾಡಿ ಎಳೆದು ನೆರಿಗೆ ಕೂಡಿಸಿದ ಹಾಗೆ ಅವು ಗೋಡೆಯನ್ನು ಎಳೆದು ಹಿಡಿಯುವುದರಿಂದ ನಡುವೆಲ್ಲ ಉಬ್ಬು ಉಬ್ಬಾದ ಗೂಡುಗಳು ಮೂಡಿವೆ. ಚಿತ್ರ ತೋರಿಸಿ, ಇದು ಕುದುರೆಯ ದೊಡ್ಡ ಕರುಳು ಎಂದರೆ ನಂಬಿಬಿಡಬಹುದು. ಅದು ಕರುಳಲ್ಲ, ಹೊಟ್ಟೆ. ಹುದುಗುವಿಕೆ ನಡೆಯುವುದು ಚೀಲದಲ್ಲಿ ಮತ್ತು ಕೊಳವೆಯಲ್ಲಿ. ಹಂಡೆಯಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಕೊಳವೆಯಲ್ಲಿ ಮುಂಚೆ ಹೋದದ್ದು ಮುಂದೆ, ಆಮೇಲೆ ತಿಂದದ್ದು ಅದರ ಹಿಂದೆ, ಸಾಲು ಹಿಡಿದು ಸಾಗುತ್ತದೆ. ಗೋಡೆಯ ಅಲೆಗಳು ತಳ್ಳುತ್ತ ಹೋಗುತ್ತವೆ. ನುಣ್ಣಗಾಗದ್ದನ್ನು ತಡೆಯುವ ಬಾಗಿಲು ಇಲ್ಲಿಲ್ಲ. ಅಪರೂಪಕ್ಕೆ ಕಾಂಗರೂ ಎದೆ ಸೆಳೆದು, ತಿಂದದ್ದನ್ನು ಬಾಯಿಗೆ ತಂದು ನುಂಗುವುದುಂಟು. ಆದರೆ ಅದು ದನದಂತೆ ಗಂಟೆಗಟ್ಟಲೆ ನಡೆಯುವ ನಿತ್ಯದ ಕೆಲಸವಲ್ಲ. ಅರೆಯುವುದೆಲ್ಲ ಮೊದಲ ಸಲವೇ ಮುಗಿಯಬೇಕು. ಅದಕ್ಕಾಗಿ ಅದರ ದವಡೆಹಲ್ಲುಗಳು ಆನೆಯ ಹಲ್ಲುಗಳಂತೆ ಹಿಂದಿನಿಂದ ಮುಂದಕ್ಕೆ ಸರಿಯುತ್ತ, ಸವೆದವು ಉದುರುತ್ತ, ಹೊಸವು ಅರೆಯುವ ಜಾಗಕ್ಕೆ ಬರುತ್ತವೆ.

ಇದರಿಂದ ಏನು ಲಾಭ ಎಂದು ಕೇಳಿದೆ. ಮಳೆಯಿಲ್ಲದ ವರ್ಷವನ್ನು ಯೋಚಿಸಿ ಎಂದಳು. ಹುಲ್ಲು ಒಣಗಿ ಕಡ್ಡಿಯಾದಾಗ ದನದ ಹಂಡೆ ತುಂಬಿಯೇ ಇರುತ್ತದೆ, ಆದರೆ ಬಾಗಿಲು ದಾಟುವಷ್ಟು ನುಣ್ಣಗಾಗಲು ಎರಡು ಮೂರು ದಿನ ಬೇಕು. ಹೊಟ್ಟೆ ಖಾಲಿಯಾಗದೆ ಮುಂದಿನ ತುತ್ತಿಗೆ ಜಾಗವಿಲ್ಲ. ತುಂಬಿದ ಹೊಟ್ಟೆಯಲ್ಲೇ ದನ ಬಡವಾಗುತ್ತದೆ. ಕಾಂಗರೂ ಅಂಥ ಕಡ್ಡಿಯಿಂದ ಸಿಕ್ಕಷ್ಟು ಸಾರ ತೆಗೆದುಕೊಂಡು ಉಳಿದದ್ದನ್ನು ಮುಂದೆ ತಳ್ಳಿ, ಮತ್ತೆ ತಿನ್ನುತ್ತದೆ. ಒಂದೊಂದು ತುತ್ತಿನಿಂದ ದನ ತೆಗೆಯುವಷ್ಟು ಸಾರವನ್ನು ಅದು ತೆಗೆಯಲಾರದು, ನಿಜ. ಆದರೆ ಅದಕ್ಕೆ ಬೇಕಾದದ್ದೂ ಕಡಿಮೆ. ಅಷ್ಟೇ ತೂಕದ ದನ, ಕುರಿಗಳ ಜಾತಿಯ ಪ್ರಾಣಿ ಸುಮ್ಮನೆ ಮಲಗಿದ್ದಾಗ ಸುಡುವ ಶಕ್ತಿಯಲ್ಲಿ ಸುಮಾರು ಶೇ. 70ರಷ್ಟರಲ್ಲೇ ಕಾಂಗರೂವಿನ ಮೈ ನಡೆಯುತ್ತದೆ. ಬಡ ನೆಲಕ್ಕೆ ಇದಕ್ಕಿಂತ ಒಳ್ಳೆಯ ಹೊಟ್ಟೆ ಇಲ್ಲವೆಂದೇ ನನಗೆ ಅನಿಸಿತು.

ಮರುದಿನ ಫ್ರೀಮ್ಯಾಂಟಲ್ ಬಂದರಿನಿಂದ ದೋಣಿ ಹತ್ತಿ ರಾಟ್‌ನೆಸ್ಟ್ ದ್ವೀಪಕ್ಕೆ ಹೋದೆವು. ಅರ್ಧ ಗಂಟೆಯ ದಾರಿ, ಆದರೆ ಚಳಿಗಾಲದ ಅಲೆ ನಮ್ಮ ಬೆಂಗರೆಯ ಅಳಿವೆಬಾಗಿಲಿನ ಅಲೆಯನ್ನು ನೆನಪಿಸಿತು. ಅಲ್ಲಿನ ಆದಿವಾಸಿಗಳಾದ ನೂಂಗಾರ್ ಜನ ಆ ದ್ವೀಪವನ್ನು ವಾಜೆಮಪ್ ಎನ್ನುತ್ತಾರೆ. 1838ರಿಂದ ಹಲವು ದಶಕ ಅದು ಆದಿವಾಸಿ ಗಂಡಸರನ್ನು ಕೂಡಿಹಾಕಿದ ಸೆರೆಮನೆಯಾಗಿತ್ತು. ನೂರಾರು ಮಂದಿ ಅಲ್ಲೇ ಮಣ್ಣಾದರು. ಸೈಕಲ್ಲಿನಲ್ಲಿ ನಗುತ್ತ ಹೋಗುವ ಪ್ರವಾಸಿಗರ ನಡುವೆ ಆ ಸಮಾಧಿಭೂಮಿಯ ಎದುರು ನಾವು ಸ್ವಲ್ಪ ಹೊತ್ತು ನಿಂತೆವು.

ದ್ವೀಪದ ತುಂಬ ಕ್ವೋಕಾ ಎಂಬ ಪುಟ್ಟ ಪ್ರಾಣಿಗಳು. ಬೆಕ್ಕಿನ ಗಾತ್ರ, ದುಂಡು ಕಿವಿ, ಬಾಯಿಯ ಮೂಲೆ ಮೇಲಕ್ಕೆ ಬಾಗಿರುವುದರಿಂದ ಸದಾ ನಗುವಂಥ ಮುಖ. ಕಾಂಗರೂವಿನ ಕುಲವೇ. 1658ರಲ್ಲಿ ಇಲ್ಲಿಗೆ ಬಂದ ಡಚ್ ನಾವಿಕ ಫೋಲ್ಕರ್ಟ್‌ಜೂನ್ ಇದನ್ನು ಪುನುಗು ಬೆಕ್ಕಿಗೆ ಹೋಲಿಸಿದ. ಡಚ್ಚರು ಆಗ ನಮ್ಮ ಮಲಬಾರಿನ ತೀರದಲ್ಲೂ ಓಡಾಡುತ್ತಿದ್ದ ಕಾಲ. 1696ರಲ್ಲಿ ಬಂದ ಫ್ಲಾಮಿಂಗ್ ಇವು ದೊಡ್ಡ ಇಲಿಗಳೆಂದು ತಿಳಿದು ದ್ವೀಪಕ್ಕೇ ಇಲಿಗೂಡು ಎಂಬ ಅರ್ಥದ ಹೆಸರಿಟ್ಟ. ಇಬ್ಬರೂ ಹೊರಗಿನಿಂದ ನೋಡಿದರು. ಒಳಗೆ ಏನಿದೆ ಎಂದು ನೋಡಲು ಇನ್ನೂ ಎರಡೂವರೆ ಶತಮಾನ ಹಿಡಿಯಿತು.

ಆ ಕಥೆ ಶುರುವಾಗುವುದು ಕುರಿಗಳಿಂದ. ಪಶ್ಚಿಮ ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯ ಡೆನ್ಮಾರ್ಕ್ ಎಂಬ ಊರಿನ ಸುತ್ತ ಹಸಿರು ಹುಲ್ಲಿನ ನಡುವೆಯೇ ಕುರಿ ದನಗಳು ಸೊರಗಿ ಸಾಯುತ್ತಿದ್ದವು. 1935ರಲ್ಲಿ ಅಂಡರ್‌ವುಡ್ ಮತ್ತು ಫಿಲ್ಮರ್ ಕಾರಣ ಕಂಡುಹಿಡಿದರು: ಆ ಮಣ್ಣಿನಲ್ಲಿ ಕೋಬಾಲ್ಟ್ ತೀರಾ ಕಡಿಮೆ. ಕೋಬಾಲ್ಟ್ ಬೇಕಾಗಿದ್ದುದು ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ. ಅವು ಅದರಿಂದ ಬಿ12 ಜೀವಸತ್ವ ಮಾಡಿಕೊಟ್ಟರೆ ಮಾತ್ರ ಕುರಿ ಬದುಕುತ್ತದೆ ಎಂಬುದು ಆಮೇಲೆ ತಿಳಿಯಿತು. ಹೊರಗಿನಿಂದ ತಂದ ಕುರಿಗಳು ಹೀಗೆ ನರಳುವ ಸೀಮೆಯಲ್ಲಿ ಅಲ್ಲಿನದೇ ಪ್ರಾಣಿಗಳು ಬಾಳುತ್ತಿದ್ದವಲ್ಲ! ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಮೊಯಿರ್, ಸೋಮರ್ಸ್, ವೇರಿಂಗ್ ಈ ಕ್ವೋಕಾಗಳ ಹೊಟ್ಟೆಯನ್ನು ಅಭ್ಯಾಸ ಮಾಡಿ 1956ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇಲ್ಲಿ ನಡೆಯುವುದು ಮೆಲುಕು ಹಾಕುವ ಪ್ರಾಣಿಗಳ ಜೀರ್ಣಕ್ರಿಯೆಯಂಥದ್ದೇ ಎಂದು ತೋರಿಸಿಕೊಟ್ಟರು. ಮುಂದೆ ಇಯಾನ್ ಹ್ಯೂಮ್ ಎಂಬ ವಿಜ್ಞಾನಿ ಹೊಟ್ಟೆಚೀಲದ ಪ್ರಾಣಿಗಳ ಆಹಾರಕ್ರಮದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ದನಕ್ಕೂ ಕಾಂಗರೂವಿಗೂ ಪೂರ್ವಜರು ಬೇರೆಯಾಗಿ ಹತ್ತು ಕೋಟಿ ವರ್ಷ ದಾಟಿದೆ. ಒಂದನ್ನು ನೋಡಿ ಇನ್ನೊಂದು ಕಲಿತದ್ದಲ್ಲ. ಹುಲ್ಲು ಒಡ್ಡಿದ ಒಂದೇ ಸಮಸ್ಯೆಗೆ ಎರಡು ಕಡೆ ಎರಡು ಪಾತ್ರೆ ತಯಾರಾಯಿತು.

ದ್ವೀಪದ ಬೇಸಿಗೆಯಲ್ಲಿ ಸಿಹಿನೀರು ಅಪರೂಪ, ಎಲೆಗಳಲ್ಲಿ ಪ್ರೋಟೀನು ಕಡಿಮೆ. ಆಗ ಈ ಜಾತಿಯ ಪ್ರಾಣಿಗಳು ಮೂತ್ರದಲ್ಲಿ ಹೋಗಬೇಕಾದ ಯೂರಿಯಾವನ್ನು ಉಳಿಸಿಕೊಂಡು ಜೊಲ್ಲಿನ ಮೂಲಕ, ರಕ್ತದ ಮೂಲಕ ಹೊಟ್ಟೆಗೇ ಮರಳಿಸುತ್ತವೆ. ಸೂಕ್ಷ್ಮಜೀವಿಗಳು ಅದನ್ನೇ ಗೊಬ್ಬರ ಮಾಡಿಕೊಂಡು ಬೆಳೆಯುತ್ತವೆ. ದನವೂ ಇದನ್ನು ಮಾಡುತ್ತದೆ. ಬೈಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿ, ಮುಚ್ಚಿಟ್ಟು, ಆಮೇಲೆ ದನಕ್ಕೆ ಹಾಕುವುದನ್ನು ನಮ್ಮ ಪಶುಪಾಲನೆಯವರು ಹಳ್ಳಿಗಳಲ್ಲಿ ಹೇಳಿಕೊಟ್ಟದ್ದು ನೆನಪಾಯಿತು. ಅದರ ಗುಟ್ಟಿನಲ್ಲಿ ಇದೂ ಒಂದು.

ಒಂದು ಕ್ವೋಕಾ ನನ್ನ ಚೀಲದ ಬಳಿ ಬಂದು ಮೂಸಿತು. ಒಳಗೆ ಬ್ರೆಡ್ಡು ಇತ್ತು. ಕೈ ತಾನಾಗಿ ಚೀಲಕ್ಕೆ ಹೋಯಿತು, ತಂಗಿಯ ಮಗಳು ತಡೆದಳು. ಅಲ್ಲಿ ಅವಕ್ಕೆ ತಿನ್ನಲು ಕೊಡುವುದಕ್ಕೆ ನಿಷೇಧವಿದೆ. ಬ್ರೆಡ್ಡಿನಂಥ ಪಿಷ್ಟ ಹೊಟ್ಟೆಗೆ ಬಿದ್ದರೆ ಅದನ್ನು ಮೊದಲು ಹಿಡಿಯುವುದು ನಾರು ಬಿಡಿಸುವ ಸೂಕ್ಷ್ಮಜೀವಿಗಳಲ್ಲ, ಹುಳಿ ಹುಟ್ಟಿಸುವವು. ಅವು ಕ್ಷಣದಲ್ಲಿ ಹೆಚ್ಚಿ ಹೊಟ್ಟೆಯನ್ನೇ ಹುಳಿ ಮಾಡಿಬಿಡುತ್ತವೆ. ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ, ಮೈಯ ನೀರು ಹೊಟ್ಟೆಗೆ ಇಳಿಯುತ್ತದೆ, ಹುಳಿ ರಕ್ತಕ್ಕೆ ಏರುತ್ತದೆ.

ಅವಳು ಹೇಳುತ್ತಿದ್ದ ಹಾಗೆ ನನ್ನ ಕಣ್ಣ ಮುಂದೆ ನಮ್ಮ ಹಟ್ಟಿಯ ದನ ಕೆಂಪಿ ಬಂತು. ನನಗೆ ಹತ್ತು ವರ್ಷವಿದ್ದಾಗಿನ ಮಾತು. ಮಳೆಗಾಲದ ಮೊದಲಿಗೆ ಒಂದು ರಾತ್ರಿ ಕಟ್ಟು ಬಿಚ್ಚಿಕೊಂಡ ಕೆಂಪಿ, ಹಿತ್ತಲಲ್ಲಿ ಉದುರಿದ್ದ ಹಲಸಿನ ಹಣ್ಣುಗಳನ್ನು ಹೊಟ್ಟೆ ಬಿರಿಯುವಷ್ಟು ತಿಂದಿತ್ತು. ಬೆಳಗ್ಗೆ ಮೆಲುಕು ನಿಂತಿತ್ತು, ಎಡಬದಿ ಉಬ್ಬಿತ್ತು. ಸಂಜೆಗೆ ಹೋಯಿತು. ಕಟ್ಟು ಸಡಿಲ ಹಾಕಿದ ತಪ್ಪು ತನ್ನದೆಂದು ಅಮ್ಮ ಕೊನೆಯವರೆಗೂ ಹೇಳಿಕೊಂಡು ಕೊರಗಿದಳು. ಯಾರ ದೃಷ್ಟಿಯೋ ತಾಗಿತೆಂದು ನೆರೆಯವರು ಅಂದರು. ಅದು ಹಲಸಿನ ಸಿಹಿ, ಸಿಹಿಯಿಂದ ಎದ್ದ ಹುಳಿ. ಆ ಹುಳಿ ಏರುವ ಮೊದಲೇ ಸೋಡಾಪುಡಿ ಕೊಟ್ಟು ಚಿಕಿತ್ಸೆ ಮಾಡಿದ್ದರೆ ಉಳಿಯುವ ಸಾಧ್ಯತೆ ಇತ್ತು. ಇದು ನನಗೆ ತಿಳಿದದ್ದು ಅಮ್ಮ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಸಮುದ್ರದ ನಡುವಿನ ಒಂದು ದ್ವೀಪದಲ್ಲಿ.

ಉಳಿದ ದಿನಗಳಲ್ಲಿ ನೋಡಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಯಾಂಚೆಪ್ ಉದ್ಯಾನದಲ್ಲಿ ಕೋಲಾಗಳಿವೆ. ಅವು ಈ ಪಶ್ಚಿಮ ಸೀಮೆಯವಲ್ಲ, ಪೂರ್ವದಿಂದ ತಂದವು. ಅವು ಹುದುಗಿಸುವ ಪಾತ್ರೆಯನ್ನು ಹೊಟ್ಟೆಯಲ್ಲಿ ಇಟ್ಟಿಲ್ಲ, ಕರುಳಿನ ಕೊನೆಗೆ ಸಾಗಿಸಿವೆ. ನಮ್ಮಲ್ಲಿ ಬೆರಳುದ್ದವೂ ಇಲ್ಲದ ಕುರುಡುಗರುಳು ಮುಕ್ಕಾಲು ಮೀಟರು ಉದ್ದದ ಕೋಲಾದಲ್ಲಿ ಸುಮಾರು 2 ಮೀಟರು ಇರುತ್ತದೆ. ನೀಲಗಿರಿ ಎಲೆಯ ವಿಷವನ್ನೂ ನಾರನ್ನೂ ಸಹಿಸಿಕೊಂಡು, ಸಿಗುವ ಅಲ್ಪ ಶಕ್ತಿಯಲ್ಲಿ ಬದುಕಬೇಕಾದ್ದರಿಂದ ದಿನಕ್ಕೆ 18–20 ಗಂಟೆ ನಿದ್ದೆ, ಇಲ್ಲವೇ ವಿಶ್ರಾಂತಿ. ಮರಿ ಹಾಲು ಬಿಟ್ಟು ಎಲೆಗೆ ಬರುವ ಕಾಲಕ್ಕೆ ತಾಯಿ ತನ್ನ ಕುರುಡುಗರುಳಿನಿಂದ ಮೆತ್ತಗಿನ ಒಂದು ಮುದ್ದೆಯನ್ನು ಹೊರಬಿಟ್ಟು ಅದಕ್ಕೆ ತಿನ್ನಿಸುತ್ತದೆ. ಅಸಹ್ಯವೆನ್ನಬೇಡಿ. ನೆರೆಮನೆಯಿಂದ ಹೆಪ್ಪಿಗೆ ಮಜ್ಜಿಗೆ ತರುವ ಹಾಗೆಯೇ ಅದು. ಆ ಹೆಪ್ಪು ಇಲ್ಲದಿದ್ದರೆ ಮರಿಗೆ ಎಲೆ ದಕ್ಕುವುದಿಲ್ಲ. ವೊಂಬಾಟ್ ಎಂಬ, ಬಿಲ ತೋಡುವ ಗಟ್ಟಿಮುಟ್ಟಾದ ಪ್ರಾಣಿಯೂ ಕರುಳಿನಲ್ಲೇ ಹುದುಗಿಸುತ್ತದೆ. ಅದರ ಹಿಕ್ಕೆ ಚೌಕ ಚೌಕ! ಕರುಳಿನ ಗೋಡೆ ಒಂದೊಂದು ಕಡೆ ಗಟ್ಟಿ, ಒಂದೊಂದು ಕಡೆ ಮೆದುವಾಗಿರುವುದು ಅದಕ್ಕೆ ಕಾರಣವೆಂದು ಕಂಡುಹಿಡಿದವರಿಗೆ 2019ರಲ್ಲಿ ಇಗ್ ನೊಬೆಲ್ ಬಹುಮಾನ ಬಂತು.

ಹಿಕ್ಕೆಯ ಮಾತು ಬಂದದ್ದರಿಂದ ಇನ್ನೊಂದು. 1788ರಲ್ಲಿ ಬ್ರಿಟಿಷರ ಮೊದಲ ಹಡಗುಗಳೊಂದಿಗೆ ದನಗಳು ಆಸ್ಟ್ರೇಲಿಯಾಕ್ಕೆ ಇಳಿದವು. ಅಲ್ಲಿನ ಸೆಗಣಿ ಹುಳಗಳಿಗೆ ಗೊತ್ತಿದ್ದುದು ಕಾಂಗರೂಗಳ ಒಣ ಗುಳಿಗೆಗಳು ಮಾತ್ರ; ಒದ್ದೆ ಸೆಗಣಿಯ ರಾಶಿಯನ್ನು ಹೆಚ್ಚಿನವು ಮುಟ್ಟಲಿಲ್ಲ. ಸೆಗಣಿ ಹುಲ್ಲುಗಾವಲಿನಲ್ಲಿ ಹಾಗೇ ಒಣಗಿ ಕೂತಿತು, ನೊಣ ಹೆಚ್ಚಿತು. ಹಂಗೆರಿಯಿಂದ ಬಂದು ನೆಲೆಸಿದ ಜಾರ್ಜ್ ಬೋರ್ನೆಮಿಸ್ಸಾ ಇದನ್ನು ಗಮನಿಸಿದರು. ಅವರ ಮಾತಿನಂತೆ 1965ರಿಂದ ಎರಡು ದಶಕ ಅಲ್ಲಿನ ಸರಕಾರದ ಸಂಶೋಧನಾ ಸಿಎಸ್‌ಐಆರ್‌ಒ ಸಂಸ್ಥೆ ಆಫ್ರಿಕಾ, ಯುರೋಪಿನಿಂದ ಸೆಗಣಿ ಹುಳಗಳನ್ನು ತರಿಸಿ ಬಿಟ್ಟಿತು. ಒಂದು ಹೊಟ್ಟೆಯ ಜಾಗಕ್ಕೆ ಇನ್ನೊಂದು ಹೊಟ್ಟೆಯನ್ನು ತಂದಿಟ್ಟರೆ ಮಣ್ಣಿನ ಹುಳದವರೆಗೆ ಲೆಕ್ಕ ತಪ್ಪುತ್ತದೆ.

ಹುದುಗುವಾಗ ಏಳುವ ಅನಿಲದಲ್ಲೂ ವ್ಯತ್ಯಾಸವಿದೆ. ಕಾಂಗರೂ ಬಿಡುವ ಮೀಥೇನು ದನ ಬಿಡುವುದಕ್ಕಿಂತ ಬಹಳ ಕಡಿಮೆ ಎಂದು ಅಳತೆಗಳು ಹೇಳುತ್ತವೆ. ಏನೂ ಬಿಡುವುದಿಲ್ಲವೆಂಬ ಹಳೆಯ ನಂಬಿಕೆ ಈಗ ಉಳಿದಿಲ್ಲ. ತಿಂದ ಲೆಕ್ಕಕ್ಕೆ ಕುದುರೆಯ ಆಸುಪಾಸು ಬರುತ್ತದೆ. ಆಹಾರ ಬೇಗ ಸಾಗುವ ಆ ಕೊಳವೆಯೂ, ಅದರಲ್ಲಿ ನೆಲೆಸಿದ ಬೇರೆ ಬಗೆಯ ಬ್ಯಾಕ್ಟೀರಿಯಾಗಳೂ ಇದಕ್ಕೆ ಕಾರಣ.

ಹೊರಡುವ ಹಿಂದಿನ ರಾತ್ರಿ ಮಗಳು ಹೇಳಿದ ಒಂದು ಮಾತು ನನ್ನನ್ನು ಬೆರಗುಗೊಳಿಸಿತು. "ದೊಡ್ಡಮ್ಮ, ಕಾಂಗರೂವಿನ ಹೊಟ್ಟೆಗೆ ನಮ್ಮ ಊರಲ್ಲಿ ಹತ್ತಿರದ ನೆಂಟ ಯಾರು ಗೊತ್ತುಂಟಾ? ದನ ಅಲ್ಲ, ಮುಸುವ." ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕೂತು ಎಲೆ ಕೀಳುವ, ಕಪ್ಪು ಮುಖದ, ಉದ್ದ ಬಾಲದ ಅದೇ ಮುಸುವ. ಅದರ ಹೊಟ್ಟೆಯೂ ಪಟ್ಟಿ ಎಳೆದು ನೆರಿಗೆ ಕೂಡಿಸಿದ ಚೀಲ, ಕೊಳವೆ. ಅಲ್ಲಿಯೂ ಎಲೆ ಹುದುಗುತ್ತದೆ. ಬ್ಯಾಕ್ಟೀರಿಯಾಗಳನ್ನು ಒಡೆದು ಅರಗಿಸುವ ಲೈಸೋಜೈಮ್ ಎಂಬ ಕಿಣ್ವ ಮುಸುವನಲ್ಲೂ ದನದಲ್ಲೂ ಬೇರೆಬೇರೆ ದಾರಿಯಿಂದ ಒಂದೇ ತೆರನಾಗಿ ಬದಲಾಗಿದೆಯೆಂದು 1987ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರಂತೆ. ಘಾಟಿಯಲ್ಲಿ ಕಾರು ನಿಲ್ಲಿಸಿ ಬಿಸ್ಕಿಟು, ಕುರುಕಲು ಎಸೆಯುವವರನ್ನು ಎಷ್ಟು ಸಲ ನೋಡಿದ್ದೇನೆ. ಆ ದ್ವೀಪದಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದ ನಿಯಮ ಇಲ್ಲಿಯೂ ಬೇಕು.

ಮಂಗಳೂರಿಗೆ ಬಂದ ಮೂರನೆಯ ದಿನ ರಥಬೀದಿಗೆ ಹೋಗಿದ್ದೆ. ಹೂವಿನ ಅಂಗಡಿಯ ಪಕ್ಕದ ಕಸದ ರಾಶಿಯಲ್ಲಿ ಒಂದು ದನ, ಗಂಟು ಕಟ್ಟಿದ ಕ್ಯಾರಿಬ್ಯಾಗನ್ನು ಹಲ್ಲಿನಲ್ಲಿ ಎಳೆಯುತ್ತಿತ್ತು. ಒಳಗೆ ಅನ್ನ, ಸಾಂಬಾರು. ಗಂಟು ಬಿಚ್ಚಲಿಲ್ಲ, ಅದು ಚೀಲ ಸಮೇತ ನುಂಗಿತು. ಮುಂಚೆಯೂ ಇಂಥದ್ದನ್ನು ನೋಡಿ ಮುಂದೆ ಹೋಗಿದ್ದೇನೆ. ಈ ಸಲ ಆಗಲಿಲ್ಲ. ನನಗೆ ಆ ಬಾಗಿಲು ಕಾಣುತ್ತಿತ್ತು: ಎರಡನೆಯ ಮೂರನೆಯ ಹೊಟ್ಟೆಗಳ ನಡುವಿನ, ನುಣ್ಣಗಾದದ್ದನ್ನು ಮಾತ್ರ ಬಿಡುವ ಬಾಗಿಲು. ಪ್ಲಾಸ್ಟಿಕ್ಕು ಮೆಲುಕಿಗೆ ಅರೆಯುವುದಿಲ್ಲ, ಸೂಕ್ಷ್ಮಜೀವಿಗಳಿಗೆ ಕರಗುವುದಿಲ್ಲ. ಹುಲ್ಲಿನ ಕೊನೆಯ ಎಳೆಯಿಂದಲೂ ಸಾರ ಹಿಂಡಲೆಂದು ಇರುವ ಆ ಬಾಗಿಲೇ ಅದನ್ನು ಒಳಗೆ ತಡೆದು ಹಿಡಿಯುತ್ತದೆ. ಇಂಥ ಕ್ಯಾರಿಬ್ಯಾಗುಗಳು ಒಂದೊಂದಾಗಿ ಸೇರಿ ಹಗ್ಗದಂತೆ ಹೊಸೆದುಕೊಂಡು ಹಂಡೆಯನ್ನು ತುಂಬುತ್ತವೆ. ಬೀದಿ ದನಗಳ ಹೊಟ್ಟೆ ಕೊಯ್ದು ವೈದ್ಯರು ಕಿಲೋಗಟ್ಟಲೆ ಪ್ಲಾಸ್ಟಿಕ್ಕು ಹೊರತೆಗೆಯುವುದು ಇದರಿಂದಲೇ. ಕೊಯ್ದು ತೆಗೆಯದೆ ಅದಕ್ಕೆ ಬೇರೆ ದಾರಿಯಿಲ್ಲ.

ಮಂಗಳೂರಿನ ಓದುಗರಲ್ಲಿ ನನ್ನ ಬೇಡಿಕೆ ಚಿಕ್ಕದು. ಉಳಿದ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಬೀದಿಗೆ ಇಡಬೇಡಿ. ಹಸಿ ಕಸವನ್ನು ಬೇರೆ ಬಕೆಟಿನಲ್ಲಿ ಕೊಡಿ. ಬಾಳೆಹಣ್ಣಿನ ಸಿಪ್ಪೆಯೊಂದು ಕೈಯಲ್ಲಿದ್ದು, ಎದುರಿಗೆ ದನವೂ ಇದ್ದರೆ, ಚೀಲದಿಂದ ಬಿಚ್ಚಿ, ಬರೀ ಸಿಪ್ಪೆಯನ್ನು ಅದರ ಬಾಯಿಗೆ ಹಿಡಿಯಿರಿ.